ಮಾಡದೆ ಬಿಟ್ಟ ಪರೀಕ್ಷೆ

ಸಕಾತ
ಸೆಪ್ಟೆಂಬರ್ 18

ಗುರುಗಳಾದ ತೊಗಾಶಿ ಅವರಿಗೆ,

ಕಾಗದ ಬರೆಯುವಾಗ ಮೊದಲು ಹವಾಮಾನ ಹೇಳಬೇಕು, ಆಮೇಲೆ ಆರೋಗ್ಯ ವಿಚಾರಿಸಬೇಕು, ಕೆಲಸದ ಮಾತು ಕಡೆಗೆ ಎಂದು ಕಲಿಸಿದವರು ನೀವೇ. ಆದ್ದರಿಂದ ಕೇಳಿ. ಇಲ್ಲಿ ಸೆಕೆ ಇಳಿದಿದೆ. ಸಂಜೆಯಾದರೆ ಸಮುದ್ರದ ಕಡೆಯಿಂದ ತಣ್ಣನೆ ಗಾಳಿ ಬರುತ್ತದೆ. ನಿಮ್ಮ ಕುತ್ತಿಗೆಯ ಗಾಯ ಪೂರ್ತಿ ಒಣಗಿತೇ? ನಿಮ್ಮ ಮನೆಯವರು, ಫುಸಾಎ ಅಮ್ಮ, ಫೋನಿನಲ್ಲಿ, "ಊಟ ಚೆನ್ನಾಗೇ ಮಾಡ್ತಾರೆ, ಆದ್ರೆ ಹೊಸ್ತಿಲು ದಾಟಲ್ಲ ಕಣಮ್ಮ" ಎಂದರು. ಅವರಿಗೆ ಕೊಡಿ ಎನ್ನಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಧ್ವನಿಪೆಟ್ಟಿಗೆ ತೆಗೆಸಿಕೊಂಡವರ ಕೈಗೆ ಫೋನು ಕೊಟ್ಟು ಏನು ಮಾಡುವುದು? ಅದಕ್ಕೇ ಈ ಕಾಗದ.

ಏಪ್ರಿಲ್‌ನಲ್ಲಿ ಶಸ್ತ್ರಚಿಕಿತ್ಸೆ ಮುಗಿದದ್ದೇ ತಡ, ಯಾರಿಗೂ ಹೇಳದೆ ಶಿಂಜೊಗೆ, ಫುಸಾಎ ಅಮ್ಮನ ತವರೂರಿಗೆ ಹೊರಟುಹೋದಿರಿ. ಬೀಳ್ಕೊಡುಗೆಗೆ ಹೋಟೆಲು ಗೊತ್ತುಮಾಡಿಕೊಂಡು ಕೂತಿದ್ದ ನಾವು ಬೆಪ್ಪರಾದೆವು. ಆ ಸಿಟ್ಟು ನನಗೆ ಇನ್ನೂ ಇದೆ. ಇರಲಿ.

ಕಳೆದ ಭಾನುವಾರ ಮೆಡಿಸಿನ್ ವಿಭಾಗದವರೆಲ್ಲ ಹೊಳೆಯ ದಂಡೆಯಲ್ಲಿ ಒಲೆ ಹೂಡಿ ಕೆಸುಗಡ್ಡೆಯ ಸಾರು ಮಾಡಿದೆವು. ನಮ್ಮ ಕರಾವಳಿಯ ಪದ್ಧತಿಯಂತೆ ಹಂದಿಮಾಂಸ, ಹುದುಗಿಸಿದ ಸೋಯಾ ಕಾಳಿನ ಮಿಸೊ. ನೀವೀಗ ಸೇರಿಕೊಂಡಿರುವ ಊರಿನಲ್ಲಿ ಅದಕ್ಕೆ ದನದ ಮಾಂಸ ಹಾಕಿ ಸೋಯಾ ರಸ ಸುರಿಯುತ್ತಾರಂತೆ. "ಮೇಷ್ಟ್ರು ಶತ್ರುಗಳ ಕಡೆ ಹೋಗಿಬಿಟ್ರು" ಎಂದು ನರ್ಸುಗಳು ನಗಾಡಿದರು. ಪ್ರತಿ ವರ್ಷ ಸೌಟು ಹಿಡಿದು ನೀವು ನಿಲ್ಲುತ್ತಿದ್ದ ಜಾಗದಲ್ಲಿ ಈ ಸಲ ಯಾರೂ ನಿಲ್ಲಲಿಲ್ಲ. ಸಾರು ತಳ ಹಿಡಿಯಿತು.

ಈಗ ಕೆಲಸದ ಮಾತು. ಫೆಬ್ರವರಿಯಲ್ಲಿ ಸೆಂದಾಯ್‌ನಲ್ಲಿ ನಮ್ಮ ವೈದ್ಯರ ಸಂಘದ ಪ್ರಾಂತೀಯ ಸಭೆ. ತಜ್ಞರ ಪರೀಕ್ಷೆಗೆ ಕೂರಬೇಕಾದರೆ ತರಬೇತಿಯಲ್ಲಿರುವ ನನ್ನಂಥವರು ಅಲ್ಲಿ ವೇದಿಕೆ ಹತ್ತಿ ಒಬ್ಬ ರೋಗಿಯ ಕಥೆ ಮಂಡಿಸಲೇಬೇಕಲ್ಲ. ನಾನು ಅತಾಕ ಅವರ ಕಥೆಯನ್ನು ಆರಿಸಿಕೊಂಡಿದ್ದೇನೆ. ನೆನಪಿದೆ ತಾನೆ? ಬೊಂಡಾಸ್ ಮೀನು ಹಿಡಿಯುವ ಹಡಗಿನಲ್ಲಿ ಅಡುಗೆಯವರಾಗಿದ್ದ ಮುದುಕರು. ಚಳಿಗಾಲ ಬಂತೆಂದರೆ ಕೆಮ್ಮು, ಜ್ವರ, ಏದುಸಿರು. ಆಸ್ಪತ್ರೆಗೆ ಸೇರಿದರೆ ಔಷಧ ಕೊಡುವ ಮೊದಲೇ ಅರ್ಧ ಗುಣ. ಮನೆಗೆ ಹೋದರೆ ಮತ್ತೆ ಅದೇ ರಾಗ. ನಾವು ಕ್ಷಯ ಹುಡುಕಿದೆವು, ಕ್ಯಾನ್ಸರ್ ಹುಡುಕಿದೆವು. ನೀವು ಬಂದು ಹಾಸಿಗೆಯ ಅಂಚಿನಲ್ಲಿ ಕೂತು, "ಮನೇಲಿ ಹೊದ್ಕೊಳ್ಳೋದು ಏನು?" ಎಂದು ಕೇಳಿದಿರಿ. ಬಾತುಕೋಳಿಯ ಪುಕ್ಕ ತುಂಬಿದ ರಜಾಯಿ. ತೀರಿಹೋದ ಹೆಂಡತಿ ಕೊಂಡದ್ದು. ಆ ಪುಕ್ಕದ ಧೂಳೇ ಅವರ ಶ್ವಾಸಕೋಶಕ್ಕೆ ಆಗುತ್ತಿರಲಿಲ್ಲ. ನಿಮ್ಮ ಆ ಪ್ರಶ್ನೆಯನ್ನು ನೆನೆದಾಗಲೆಲ್ಲ ನಾನು ಈ ಕೆಲಸಕ್ಕೆ ಬಂದದ್ದು ಸಾರ್ಥಕ ಎನಿಸುತ್ತದೆ.

ನಾನು ಹೊಸಬಳಾಗಿದ್ದಾಗ ಇದೇ ಸೆಂದಾಯ್‌ನಲ್ಲಿ ಮೊದಲ ಸಲ ಮಾತಾಡಿದ್ದು ನಿಮಗೆ ಮರೆತಿರಲಾರದು. ಯಾರೋ ಮೂತ್ರಪಿಂಡದ ಬಗ್ಗೆ ಪ್ರಶ್ನೆ ಎಸೆದರು. ನನಗೆ ನನ್ನ ಹೆಸರೂ ಮರೆತುಹೋಯಿತು. ಆಗ ಮೂರನೆಯ ಸಾಲಿನಿಂದ ನಿಮ್ಮ ಗೊಗ್ಗರು ದನಿ: "ಸಹವಕ್ತಾರನ ಕಡೆಯಿಂದ ಒಂದು ಮಾತು ಸೇರಿಸ್ತೀನಿ." ನಮ್ಮ ವಿಭಾಗದಲ್ಲಿ ಆ ಒಂದು ವಾಕ್ಯದಿಂದ ಬದುಕಿಕೊಳ್ಳದ ಹುಡುಗರೇ ಇಲ್ಲ.

ಆದ್ದರಿಂದ ಎರಡು ಬೇಡಿಕೆ. ಸಹವಕ್ತಾರರ ಪಟ್ಟಿಯಲ್ಲಿ ಕೊನೆಯ ಹೆಸರು ನಿಮ್ಮದಿರಬೇಕು. ಮತ್ತೆ ಆ ದಿನ ನೀವು ಬಂದು ಕೂರಬೇಕು. ಮಾತಾಡುವುದು ಬೇಡ, ಕೂತರೆ ಸಾಕು. ಸಾರಾಂಶದ ಕರಡು ಇಟ್ಟಿದ್ದೇನೆ, ಕೆಂಪು ಶಾಯಿಯಲ್ಲಿ ಬೈಯಿರಿ.

ನಿಮ್ಮ ಶಿಷ್ಯೆ,
ಇಕರಾಶಿ ಮಿನೋರಿ


ಶಿಂಜೊ
ಅಕ್ಟೋಬರ್ 9

ಮಿನೋರಿಗೆ,

ಹವಾಮಾನ: ಮಳೆ. ಆರೋಗ್ಯ: ಇದೆ. ಕೆಲಸದ ಮಾತು: ನಿನ್ನ ಕರಡಿನಲ್ಲಿ "ಅತ್ಯಂತ ಅಪರೂಪದ" ಎಂದು ಬರೆದದ್ದನ್ನು ಹೊಡೆದುಹಾಕಿದ್ದೇನೆ. ಪುಕ್ಕದ ರಜಾಯಿ ಮನೆಮನೆಯಲ್ಲಿದೆ. ಅಪರೂಪವಾದದ್ದು ರೋಗವಲ್ಲ, ಕೇಳುವವರು. ಉಳಿದದ್ದನ್ನು ಕೆಂಪು ಶಾಯಿಯಲ್ಲಿ ನೋಡು. ಶಾಯಿ ಮುಗಿದು ಫುಸಾಎ ಹೊಸ ಬಾಟಲಿ ತಂದಳು.

ಸಾರಿನ ವಿಷಯಕ್ಕೆ ಬಂದರೆ, ಇಲ್ಲಿಯೂ ಮಾಡಿದರು. ಕುತ್ತಿಗೆಯ ತೂತಿನಿಂದ ಉಸಿರಾಡುವವನಿಗೆ, ಮೂಗಿನಲ್ಲಿ ಗಾಳಿಯಾಡದವನಿಗೆ, ವಾಸನೆ ತಿಳಿಯುವುದಿಲ್ಲ ಎಂದು ನೀನು ಓದಿರಬೇಕು. ಓದಿಲ್ಲದಿದ್ದರೆ ಓದು. ನನಗೆ ಎರಡೂ ಒಂದೇ. ಹಂದಿಯೋ ದನವೋ ಎಂಬ ಜಗಳದಿಂದ ಮುಕ್ತಿ ಪಡೆದವನು ಇಡೀ ಯಮಗಾತ ಪ್ರಾಂತ್ಯದಲ್ಲಿ ನಾನೊಬ್ಬನೇ.

ನಿನ್ನ ಕಾಗದ ಓದಿ ನನ್ನ ಮೊದಲ ಸಭೆ ನೆನಪಾಯಿತು. ಆಗ ಈಗಿನ ಹಾಗೆ ಕಂಪ್ಯೂಟರ್ ಎಲ್ಲಿತ್ತು. ನೀಲಿ ಹಿನ್ನೆಲೆಯ ಮೇಲೆ ಬಿಳಿ ಅಕ್ಷರದ ಸ್ಲೈಡುಗಳು. ಒಂದು ಅಕ್ಷರ ತಪ್ಪಿದರೂ ಅಂಗಡಿಗೆ ಕೊಟ್ಟು ಹೊಸದು ಮಾಡಿಸಬೇಕು. ಅವನ್ನು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿ, ತೊಡೆಯ ಮೇಲಿಟ್ಟುಕೊಂಡು, ಮೊಗಾಮಿ ಹೊಳೆಯ ಪಕ್ಕದ ರೈಲಿನಲ್ಲಿ ಹೋಗಿದ್ದೆ. ಪಕ್ಕದಲ್ಲಿ ನನ್ನ ಗುರು ಮುರೊಫುಶಿ. ದಾರಿಯುದ್ದಕ್ಕೂ ಗೊರಕೆ. ಎಚ್ಚರವಾದಾಗಲೆಲ್ಲ "ಡಬ್ಬಿ ಇದೆಯೇನೋ?" ಎಂದು ಕೇಳಿ ಮತ್ತೆ ಗೊರಕೆ.

ಡಬ್ಬಿ ಇತ್ತು, ಬುದ್ಧಿ ಇರಲಿಲ್ಲ. ಗಡಿಬಿಡಿಯಲ್ಲಿ ಎಕ್ಸ್-ರೇ ಸ್ಲೈಡನ್ನು ತಿರುಗಿಸಿ ಹಾಕಿದ್ದೆ. ಗೋಡೆಯ ಮೇಲೆ ರೋಗಿಯ ಹೃದಯ ಬಲಕ್ಕೆ ಕಂಡಿತು. ಯಾರೋ ಗಂಭೀರವಾಗಿ, "ಈ ರೋಗಿಗೆ ಹೃದಯ ಹುಟ್ಟಿನಿಂದಲೇ ಬಲಗಡೆಯೋ?" ಎಂದು ಕೇಳಿದರು. ನಾನು ಕಲ್ಲಾಗಿ ನಿಂತೆ. ಆಗ ಮುರೊಫುಶಿ ಎದ್ದರು. "ಸಹವಕ್ತಾರನ ಕಡೆಯಿಂದ. ರೋಗಿಯ ಹೃದಯ ಇರಬೇಕಾದ ಕಡೆಯೇ ಇದೆ. ನಮ್ಮ ಹುಡುಗನ ಜೀವ ಮಾತ್ರ ಬಾಯಿಗೆ ಬಂದಿದೆ." ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕ ಮೇಲೆ ಮಾತು ಬಂತು.

ಅವತ್ತೇ ತೀರ್ಮಾನಿಸಿದ್ದೆ, ನಾನೂ ಒಂದು ದಿನ ಹಾಗೆ ಎದ್ದು ನಿಲ್ಲುವವನಾಗಬೇಕೆಂದು. ಆದೆ. ಸಾಕಷ್ಟು ವರ್ಷ ಆದೆ. ಈಗ ಇಲ್ಲ. ಸಹವಕ್ತಾರ ಎಂದರೆ ಹೊತ್ತು ಬಂದಾಗ ಎದ್ದು ಮಾತಾಡಬೇಕಾದವನು. ಹೆಸರು ಹಾಕಬೇಡ. ನಾನು ಬರುವುದಿಲ್ಲ.

ತೊಗಾಶಿ


ಸಕಾತ
ನವೆಂಬರ್ 20

ಗುರುಗಳಿಗೆ,

ಮೊದಲ ಆಲಿಕಲ್ಲು ಬಿತ್ತು. ನನಗೆ ನೆಗಡಿ. ಶಾಸ್ತ್ರ ಮುಗಿಯಿತು.

ನಿಮ್ಮ ಹೆಸರು ಹಾಕಿದೆ. ಸಾರಾಂಶ ಕಳಿಸುವ ಕೊನೆಯ ದಿನ ದಾಟಿದೆ, ಇನ್ನು ಯಾರೂ ಅಳಿಸಲಾರರು. ಬೈಯಬೇಕಾದರೆ ಮುಖ್ಯಸ್ಥ ಮಕಿನೊ ಅವರನ್ನೂ ಸೇರಿಸಿ ಬೈಯಿರಿ. ನಿಮ್ಮ ಕುರ್ಚಿಗೆ ಬಂದವರೆಂದು ನನಗೆ ಅವರ ಮೇಲೆ ಮೊದಲು ಒಳಗೊಳಗೇ ಮುನಿಸಿತ್ತು. ಅವರು ಪಟ್ಟಿ ನೋಡಿ, "ಕಾಯಿಲೆ ಕಂಡುಹಿಡಿದವರ ಹೆಸರಿಲ್ದೆ ನನ್ನ ಹೆಸರು ಹಾಕಿದ್ರೆ ಜನ ಏನಂತಾರೆ? ನನ್ನ ಹೆಸರು ಮುಂಚೆ ಹಾಕಿ, ಕೊನೇದು ಅವ್ರಿಗೆ" ಎಂದರು. ನಮ್ಮಲ್ಲಿ ಕೊನೆಯ ಹೆಸರೇ ಯಜಮಾನನ ಸ್ಥಾನ ಎಂದು ಅವರಿಗೆ ಗೊತ್ತಿಲ್ಲದೆ ಇರುತ್ತದೆಯೇ. ಮುನಿಸು ಕರಗಿತು.

ಆದರೆ ನಿನ್ನೆಯ ಅಭ್ಯಾಸದಲ್ಲಿ ನನ್ನ ಚರ್ಮ ಸುಲಿದರು. ವಿಭಾಗದವರೆಲ್ಲ ಎದುರು ಕೂತಿದ್ದರು. ನಾನು ಏಳು ನಿಮಿಷಕ್ಕೆ ಸರಿಯಾಗಿ ಮುಗಿಸಿ ಬೀಗುತ್ತಿದ್ದಾಗ ಅವರು ಕೇಳಿದರು.

"ರಜಾಯಿಯಿಂದಲೇ ಕಾಯಿಲೆ ಅನ್ನೋದಕ್ಕೆ ಪುರಾವೆ ಏನು?"

"ರಕ್ತಪರೀಕ್ಷೆ ಇದೆ ಸರ್. ರಜಾಯಿ ಬಿಟ್ಟ ಮೇಲೆ ಗುಣ ಆದ್ರು."

"ಅದು ಅನುಮಾನ. ರಜಾಯೀನ ಆಸ್ಪತ್ರೆಗೆ ತರಿಸಿ, ಒಂದು ರಾತ್ರಿ ಹೊದಿಸಿ ಮಲಗಿಸಿ, ಬೆಳಿಗ್ಗೆ ಜ್ವರ ಬಂತಾ ಅಂತ ನೋಡಬೇಕಿತ್ತು. ಅದು ಪುರಾವೆ. ಯಾಕೆ ಮಾಡ್ಲಿಲ್ಲ?"

"ತೊಗಾಶಿ ಮೇಷ್ಟ್ರು ಬೇಡ ಅಂದ್ರು."

"ಯಾಕೆ?"

"ಹೇಳ್ಲಿಲ್ಲ ಸರ್."

ಎಲ್ಲರೂ ತಲೆ ತಗ್ಗಿಸಿದರು. ಮಕಿನೊ ಅವರು ಪೆನ್ನು ಕೆಳಗಿಟ್ಟು ಹೇಳಿದರು. "ಸಭೇಲಿ ಮೊದಲ ಪ್ರಶ್ನೆ ಇದೇ ಬರತ್ತೆ. ರೋಗಿ ಒಪ್ಪಲಿಲ್ಲ ಅಂತ ಒಂದು ಸಾಲು ಹಾಕಿ. ಯಾರೂ ಮುಂದೆ ಕೇಳಲ್ಲ."

"ರೋಗಿ ಒಪ್ಪಿದ್ರು ಸರ್."

"ಹಂಗಾದ್ರೆ ಗೊತ್ತಲ್ಲ, 'ಅಮೂಲ್ಯ ಸಲಹೆಗೆ ಕೃತಜ್ಞರು, ಮುಂದೆ ಪರಿಶೀಲಿಸ್ತೀವಿ' ಅಂದು ಬಗ್ಗಿ ನಮಸ್ಕಾರ ಮಾಡಿ ಇಳ್ದುಬಿಡಿ."

ಆ ಮಾತನ್ನು ನೀವು ಹೆಣದ ಮುಂದೆ ಹೇಳುವ ಮಂತ್ರ ಎನ್ನುತ್ತಿದ್ದಿರಿ. ಅದನ್ನು ಹೇಳಿದವರಿಗೆ ವಾಪಸು ಬರುವಾಗ ಗಸ್ಸಾನ್ ಘಟ್ಟದ ಅಂಗಡಿಯಲ್ಲಿ ನೀವು ಗಡ್ಡೆಯ ಹಿಟ್ಟಿನ ಕೊನ್ಯಾಕು ಉಂಡೆ ಕೊಡಿಸುತ್ತಿರಲಿಲ್ಲ. ಉಳಿದವರು ಕಡ್ಡಿಗೆ ಚುಚ್ಚಿದ ಬಿಸಿ ಉಂಡೆಗಳನ್ನು ಸಾಸಿವೆ ಹಚ್ಚಿಕೊಂಡು ತಿನ್ನುತ್ತಿದ್ದರೆ, ಮಂತ್ರ ಹೇಳಿದ ಪಾಪಿ ಬಸ್ಸಿನ ಕಿಟಕಿಯಿಂದ ನೋಡಬೇಕಿತ್ತು. ಆ ದಿನಗಳು ಎಷ್ಟು ಚೆನ್ನಾಗಿದ್ದವು.

ಅಂದು ನಡೆದದ್ದು ನನಗೆ ಚೆನ್ನಾಗಿ ನೆನಪಿದೆ. ನಾನೇ ಪರೀಕ್ಷೆಯ ವಿಷಯ ಎತ್ತಿದ್ದೆ. ಅತಾಕ ಅವರು ಎದ್ದು ಕೂತು, "ಒಂದೇ ರಾತ್ರಿ ತಾನೆ? ಮಲಗ್ತೀನಿ ಡಾಕ್ಟ್ರಮ್ಮ, ಈಗ್ಲೇ ತರಿಸಿ" ಎಂದರು. ನೀವು ಅವರ ಮುಖವನ್ನೇ ಸ್ವಲ್ಪ ಹೊತ್ತು ನೋಡಿ, "ಬೇಡ" ಎಂದು ಹೊರಟುಬಿಟ್ಟಿರಿ. ನಾನು ಹಿಂದೆ ಓಡಿಬಂದು ಕಾರಣ ಕೇಳಿದರೆ, ಮುಂದಿನ ರೋಗಿಯ ಜ್ವರ ಎಷ್ಟು ಎಂದು ನನ್ನನ್ನೇ ಕೇಳಿದಿರಿ.

ಸುಳ್ಳು ಬರೆಯಲಾರೆ. ಮಂತ್ರ ಹೇಳಲಾರೆ. ನಿಜವೇನೆಂದು ಗೊತ್ತಿಲ್ಲ. ಗೊತ್ತಿರುವವರು ನೀವೊಬ್ಬರೇ. ನೀವು ಯಾಕೆ ಬೇಡ ಎಂದಿರಿ? ಒಂದು ಸಾಲು ಬರೆಯಿರಿ ಸಾಕು, ನಾನು ವೇದಿಕೆಯ ಮೇಲೆ ನಿಮ್ಮ ಬಾಯಿಯಾಗುತ್ತೇನೆ. ಇಲ್ಲವಾದರೆ ನೀವೇ ಬನ್ನಿ.

ಮಿನೋರಿ


ಶಿಂಜೊ
ಡಿಸೆಂಬರ್ 15

ಮಿನೋರಿಗೆ,

ಹಿಮ ಕಿಟಕಿಯ ಮಟ್ಟಕ್ಕೆ ಬಂದಿದೆ. ಮಾಡಿನ ಮೇಲಿನದನ್ನು ಕೆಡವಲು ನೆರೆಮನೆಯವನ ಮಗ ಬರುತ್ತಾನೆ. ನಾನು ಕೆಳಗೆ ನಿಂತು ಕೈಸನ್ನೆ ಮಾಡುತ್ತೇನೆ, ಅವನು ತಪ್ಪು ಕಡೆಯೇ ಕೆಡವುತ್ತಾನೆ. ಮೊದಲಾಗಿದ್ದರೆ ಒಂದು ಸಲ ಕೂಗಿದ್ದರೆ ಸಾಕಿತ್ತು.

ಕೇಳದೆ ಹೆಸರು ಹಾಕಿದ್ದು ತಪ್ಪು. ನನ್ನ ಮಾತಿಗೆ ಇಷ್ಟು ಬೇಗ ಬೆಲೆ ಹೋಯಿತೇ ಎಂದು ಎರಡು ದಿನ ಬೇಜಾರಾಗಿತ್ತು. ಮೂರನೆಯ ದಿನ ಫುಸಾಎ ನಿನ್ನ ಕಾಗದ ಓದಿ, "ಅವ್ಳು ಮಾಡಿದ್ದೇ ಸರಿ. ನಿಮ್ಮನ್ನ ಕೇಳ್ತಾ ಕೂತಿದ್ರೆ ನನ್ನ ಮದ್ವೇನೂ ಆಗ್ತಿರ್ಲಿಲ್ಲ" ಎಂದಳು. ಅವಳ ಹತ್ತಿರ ವಾದ ಮಾಡಲು ಬರೆಯುವ ಹಲಗೆ ಬೇಕು, ಅದನ್ನು ಅವಳೇ ಎತ್ತಿಟ್ಟಿದ್ದಾಳೆ. ಗಂಟಲಿಗೆ ಒತ್ತಿ ಹಿಡಿದು ಮಾತಾಡುವ ಒಂದು ಯಂತ್ರವನ್ನು ತಂದು ಮುಂದಿಟ್ಟಿದ್ದಾಳೆ. ಒಂದು ಸಲ ಒತ್ತಿ ನೋಡಿದೆ. ಡಬ್ಬಿಯಲ್ಲಿ ಸಿಕ್ಕಿಬಿದ್ದ ಜೀರುಂಡೆಯ ದನಿ. ಮೊಮ್ಮಗಳು ಮೊದಲು ಹೆದರಿದಳು, ಆಮೇಲೆ ಬಿದ್ದು ಬಿದ್ದು ನಕ್ಕಳು. ನಾನು ಅದನ್ನು ಮತ್ತೆ ಮುಟ್ಟಿಲ್ಲ.

ಸಭೆಯಲ್ಲಿ ಮಾತಾಡುವವರಿಗೆಲ್ಲ ನಾನು ಹೇಳುತ್ತಿದ್ದದ್ದು ನಿನಗೂ ಹೇಳುತ್ತೇನೆ: ಕೊನೆಯ ಸಾಲಿನ ಮುದುಕನಿಗೆ ಕೇಳಿಸಬೇಕು. ನೀನು ವಾಕ್ಯದ ಕೊನೆಗೆ ಬರುವಷ್ಟರಲ್ಲಿ ದನಿ ನುಂಗಿಬಿಡುತ್ತೀಯೆ.

ಅತಾಕ ಅವರ ಒಪ್ಪಿಗೆ ತೆಗೆದುಕೊಂಡೆಯಾ? ಅವರ ಕಥೆ ಹೇಳಲು ಅವರ ಸಹಿ ಬೇಕು. ಈಗಿನವರು ಅದನ್ನೂ ಟಪಾಲಿನಲ್ಲಿ ಮುಗಿಸುತ್ತೀರಂತೆ. ನೀನೇ ಹೋಗು. ಬಂದರಿನ ಹಿಂದಿನ ಬೀದಿ, ನಡೆದು ಹೋಗುವಷ್ಟು ಹತ್ತಿರ.

ತೊಗಾಶಿ


ಸಕಾತ
ಜನವರಿ 14

ಗುರುಗಳಿಗೆ,

ಡಿಸೆಂಬರ್ ಕಾಗದ ಓದಿ ಮೊದಲು ಅತ್ತೆ. ನನ್ನ ಪ್ರಶ್ನೆಗೆ ಉತ್ತರವೇ ಇಲ್ಲವಲ್ಲ ಎಂದು ಸಿಟ್ಟಿಗೆ. ಹೊಸ ವರ್ಷದ ರಜೆಯಲ್ಲಿ ಊರಿಗೂ ಹೋಗದೆ ಪಾಳಿ ಮಾಡಿದೆ. ಮೊನ್ನೆ ಮಧ್ಯಾಹ್ನ ಬಿಡುವಾಗಿತ್ತು, ಹೋದೆ.

ಅತಾಕ ಅವರು ಬಾಗಿಲು ತೆಗೆದು ನನ್ನನ್ನು ನೋಡಿದ್ದೇ, "ಅಯ್ಯೋ, ನಾನು ಸತ್ತೆ ಅಂತ ಯಾರಾದ್ರೂ ಹೇಳಿದ್ರಾ?" ಎಂದರು. ಕೆಮ್ಮಿಲ್ಲ. ಮೆಟ್ಟಿಲು ಹತ್ತಿದರೂ ಏದುಸಿರಿಲ್ಲ. ಒಲೆಯ ಮೇಲೆ ಬೊಂಡಾಸ್ ಮತ್ತು ಮೂಲಂಗಿ ಕುದಿಯುತ್ತಿತ್ತು. ಬೇಡವೆಂದರೂ ಬಟ್ಟಲು ತುಂಬ ಹಾಕಿಕೊಟ್ಟರು. ಕೆಲಸದ ಮೇಲೆ ಬಂದವಳು ತಿನ್ನಬಾರದು ಎಂಬ ನಿಯಮವನ್ನು ಮುರಿದು ತಿಂದೆ.

ನಾನು ಸಭೆಯ ವಿಷಯ ಹೇಳಿ ಸಹಿ ಕೇಳಿದೆ. ಹಾಕಿದರು. ಆಮೇಲೆ, "ಆ ಪರೀಕ್ಷೆ ಮಾಡ್ಲಿಲ್ವಲ್ಲ ಅಂತ ಕೇಳ್ತಾರಾ?" ಎಂದು ಅವರೇ ಎತ್ತಿದರು. ನಾನು ಬಟ್ಟಲು ಕೆಳಗಿಟ್ಟೆ.

"ಕೇಳ್ತಾರೆ. ಮೇಷ್ಟ್ರು ಯಾಕೆ ಬೇಡ ಅಂದ್ರು ಅಂತ ನಂಗೂ ಗೊತ್ತಿಲ್ಲ."

"ನಂಗೆ ಗೊತ್ತು. ನೀವೆಲ್ಲ ಹೋದ್ಮೇಲೆ ಒಬ್ರೇ ವಾಪಸ್ ಬಂದ್ರು."

ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ.

"ನೋಡಿ ಡಾಕ್ಟ್ರಮ್ಮ, ಹುಡುಗನಾಗಿದ್ದಾಗಿಂದ ನಾನು ಹಡಗಲ್ಲೇ. ವರ್ಷದಲ್ಲಿ ಮನೇಲಿ ಮಲಗ್ತಿದ್ದಿದ್ದು ಬೆರಳೆಣಿಕೆ ದಿನ. ಹಡಗು ಬಿಟ್ಟು ಬಂದಾಗ ನಮ್ಮೋಳು ಆ ರಜಾಯಿ ತಂದ್ಲು. ಇಬ್ರಿಗೂ ಆಗೋಷ್ಟು ದೊಡ್ಡದು. 'ಇಷ್ಟು ದುಡ್ಡು ಹಾಕಿದೀಯಲ್ಲ, ತಲೆ ಕೆಟ್ಟಿದ್ಯಾ' ಅಂತ ಬೈದೆ. 'ಇನ್ಮೇಲೆ ದಿನಾ ಇರ್ತೀರಲ್ಲ' ಅಂದ್ಲು. ಒಂದು ಚಳಿಗಾಲ ಹೊದ್ಕೊಂಡ್ವಿ. ಮುಂದಿನದಕ್ಕೆ ಅವ್ಳಿರ್ಲಿಲ್ಲ. ಆಸ್ಪತ್ರೇಲಿ ನೀವು ರಜಾಯಿ ಬಿಡಿ ಅಂದಾಗ ಹೂಂ ಅಂದೆ. ಒಂದು ರಾತ್ರಿ ಹೊದ್ಕೊಂಡು ತೋರ್ಸಿ ಅಂದಾಗ ನಂಗೆ ಹಬ್ಬ ಆಯ್ತು. ಜ್ವರ ಬಂದ್ರೆ ಬರ್ಲಿ. ತೊಗಾಶಿ ಡಾಕ್ಟ್ರು ಬಂದು ಹಾಸಿಗೆ ಅಂಚಲ್ಲಿ ಕೂತ್ಕೊಂಡು, 'ಒಂದು ರಾತ್ರಿ ಕೊಟ್ರೆ ಇನ್ನೊಂದು ಕೇಳ್ತೀರಿ, ಅಲ್ವಾ?' ಅಂದ್ರು. ಕೇಳ್ತೀನಿ ಅಂದೆ. ಸುಳ್ಳು ಯಾಕೆ ಹೇಳ್ಲಿ? 'ನಾನಾಗಿದ್ರೂ ಕೇಳ್ತಿದ್ದೆ. ಅದಕ್ಕೇ ಕೊಡಲ್ಲ' ಅಂದ್ರು. ಮನೆಗೆ ಬಂದೋನೇ ರಜಾಯೀನ ದೇವಸ್ಥಾನಕ್ಕೆ ಕೊಟ್ಟೆ, ಸುಡೋದಕ್ಕೆ. ಪುಕ್ಕ ಸುಟ್ಟ ವಾಸ್ನೆಗೆ ಪೂಜಾರಿ ಮೂಗು ಮುಚ್ಕೊಂಡೇ ಮಂತ್ರ ಹೇಳಿದ್ರು. ನಮ್ಮೋಳಿದ್ದಿದ್ರೆ ನಗ್ತಿದ್ಲು."

ಇಷ್ಟು ಹೇಳಿ ಅವರು ಒಲೆ ಸಣ್ಣ ಮಾಡಲು ಎದ್ದುಹೋದರು. ನಾನು ಅಲ್ಲಿಯೇ ಅತ್ತೆ. ವೈದ್ಯೆಯಾದವಳು ರೋಗಿಯ ಮನೆಯಲ್ಲಿ ಅಳಬಾರದು ಎಂಬ ನಿಯಮವೂ ಹೋಯಿತು.

ಈಗ ನನಗೆ ಎರಡು ಉತ್ತರ ಸಿಕ್ಕಿವೆ. ಅವರಿಗೆ ರಜಾಯಿ ಯಾಕೆ ಕೊಡಲಿಲ್ಲ ಎಂಬುದು ಒಂದು. ನೀವು ಸೆಂದಾಯ್‌ಗೆ ಯಾಕೆ ಬರುವುದಿಲ್ಲ ಎಂಬುದು ಇನ್ನೊಂದು. ಒಂದು ಸಲ ಆ ಸಭೆಯಲ್ಲಿ ಕೂತರೆ ಇನ್ನೊಂದು ಸಲ ಬೇಕೆನಿಸುತ್ತದೆ. ಎದ್ದು ನಿಲ್ಲಬೇಕೆನಿಸುತ್ತದೆ. ಅದು ಇನ್ನು ಆಗದು ಎಂದು ಪ್ರತಿ ಸಲವೂ ನೋಯಬೇಕು. ಅದಕ್ಕೆ ನಿಮಗೆ ನೀವೇ "ಬೇಡ" ಎಂದುಕೊಂಡಿದ್ದೀರಿ. ಸರಿಯೇ?

ಗುರುಗಳಿಗೆ ಎದುರು ಮಾತಾಡುವುದು ತಪ್ಪು, ಆದರೂ ಕೇಳುತ್ತೇನೆ. ರಜಾಯಿ ಅತಾಕ ಅವರ ಶ್ವಾಸಕೋಶವನ್ನು ತಿನ್ನುತ್ತಿತ್ತು. ನಾವು ನಿಮ್ಮ ಏನನ್ನು ತಿನ್ನುತ್ತೇವೆ?

ಫೆಬ್ರವರಿ 15, ಶನಿವಾರ. ನನ್ನ ಸರದಿ ಬೆಳಿಗ್ಗೆ, ಹತ್ತೂವರೆಯ ಹೊತ್ತಿಗೆ. ಮೂರನೆಯ ಸಾಲಿನಲ್ಲಿ ನಿಮ್ಮ ಜಾಗ ಹಿಡಿದಿರುತ್ತೇನೆ.

ಮಿನೋರಿ


ಸಕಾತ
ಫೆಬ್ರವರಿ 17

ಗುರುಗಳಿಗೆ,

ನನ್ನ ಹಿಂದಿನ ಕಾಗದಕ್ಕೆ ಉತ್ತರ ಬರಲಿಲ್ಲ. ಅಧಿಕಪ್ರಸಂಗ ಮಾಡಿದೆನೆಂದು ಗೊತ್ತಿದೆ. ಕ್ಷಮಿಸಿ. ನೀವೂ ಬರಲಿಲ್ಲ. ಅದಕ್ಕೆ ನಡೆದದ್ದನ್ನೆಲ್ಲ ಹೇಳುತ್ತೇನೆ, ಕೇಳುವ ಮನಸ್ಸಿಲ್ಲದಿದ್ದರೆ ಫುಸಾಎ ಅಮ್ಮನಿಗೆ ಕೊಟ್ಟುಬಿಡಿ.

ಬೆಳಿಗ್ಗೆ ಮೂರನೆಯ ಸಾಲಿನ ಕುರ್ಚಿಯ ಮೇಲೆ ನನ್ನ ಕೋಟು ಹಾಕಿ ಜಾಗ ಹಿಡಿದಿದ್ದೆ. ಯಾರು ಕೇಳಿದರೂ "ಬರ್ತಾರೆ, ಬರ್ತಾರೆ" ಎಂದೆ. ನನ್ನ ಹೆಸರು ಕರೆದಾಗಲೂ ಅಲ್ಲಿ ಕೋಟೇ ಕೂತಿತ್ತು. ಮಕಿನೊ ಅವರು ಅದರ ಪಕ್ಕದಲ್ಲಿದ್ದರು.

ಏಳು ನಿಮಿಷ ಚೆನ್ನಾಗಿ ಹೋಯಿತು. ವಾಕ್ಯದ ಕೊನೆಯನ್ನು ನುಂಗಲಿಲ್ಲ. ದೀಪ ಹತ್ತಿದ್ದೇ ಮುಂದಿನ ಸಾಲಿನಿಂದ ಪ್ರೊಫೆಸರ್ ಕುಜಿ ಮೈಕಿನ ಹತ್ತಿರ ಬಂದರು. ಅವರು ಎದ್ದರೆ ಮಂಡಿಸುವವರು ಮಾಡದೆ ಬಿಟ್ಟದ್ದೇ ಮೊದಲು ಹೊರಬೀಳುತ್ತದೆ ಎಂದು ನೀವೇ ಹೇಳುತ್ತಿದ್ದಿರಿ.

"ಸುಲಭದ ಪರೀಕ್ಷೆ, ಒಂದು ರಾತ್ರಿ ಸಾಕು. ಅದನ್ನ ಮಾಡದೆ ಇದು ರಜಾಯಿ ಕಾಯಿಲೆ ಅಂತ ಹೇಗೆ ಹೇಳ್ತೀರಿ? ರೋಗಿ ಒಪ್ಪಲಿಲ್ವಾ?"

ಉತ್ತರ ಗೊತ್ತಿತ್ತು. ಅಭ್ಯಾಸವನ್ನೂ ಮಾಡಿದ್ದೆ. ಆದರೂ ಕಣ್ಣು ತಾನಾಗಿ ಮೂರನೆಯ ಸಾಲಿಗೆ ಹೋಯಿತು. ಕೋಟು. ಮಕಿನೊ ಅವರ ತುಟಿ ಅಲುಗಾಡುತ್ತಿತ್ತು, ಅಮೂಲ್ಯ ಸಲಹೆಗೆ ಕೃತಜ್ಞರು ಎಂದು. ತುಂಬ ಹಿಂದೆ, ಕಂಬದ ಪಕ್ಕದಲ್ಲಿ ಯಾರೋ ಎದ್ದರು. ನಾನು ನಿಂತುಬಿಟ್ಟದ್ದು ನೋಡಿ ಬೇಸತ್ತು ಹೊರಗೆ ಹೊರಟರೆಂದು ತಿಳಿದೆ. ಅವರು ಹೋಗುವ ಮೊದಲು ಹೇಳಿಬಿಡಬೇಕು ಎಂಬ ಹಟ ಬಂತು.

"ರೋಗಿ ಪೂರ್ತಿ ಒಪ್ಪಿದ್ರು," ಎಂದೆ. "ಅದಕ್ಕೇ ಮಾಡ್ಲಿಲ್ಲ."

ಸಭೆಯಲ್ಲಿ ಗುಜುಗುಜು. ಕುಜಿ ಅವರು ಹುಬ್ಬು ಏರಿಸಿದರು. ನಾನು ಅತಾಕ ಅವರ ಹೆಸರು ಹೇಳದೆ, ಅವರ ಒಂದು ಚಳಿಗಾಲದ ಕಥೆ ಹೇಳಿದೆ. ಒಂದು ರಾತ್ರಿ ಕೊಟ್ಟಿದ್ದರೆ ಜ್ವರಕ್ಕೆ ಪುರಾವೆ ಸಿಗುತ್ತಿತ್ತು, ರೋಗಿಯನ್ನು ಕಳೆದುಕೊಳ್ಳುತ್ತಿದ್ದೆವು, ಅವರು ಮನೆಗೆ ಹೋಗಿ ದಿನವೂ ಅದನ್ನೇ ಹೊದೆಯುತ್ತಿದ್ದರು ಎಂದೆ. ಹಾಗೆ ನೋಡಿದ್ದು ನಮ್ಮ ಗುರುಗಳು, ನಾನಲ್ಲ ಎಂದೂ ಹೇಳಿದೆ.

ಕುಜಿ ಅವರು ಮೈಕನ್ನು ಹತ್ತಿರ ಎಳೆದುಕೊಂಡರು. "ಅದು ಪುರಾವೆ ಅಲ್ಲ," ಎಂದರು.

"ಅಲ್ಲ ಸರ್."

"ಆದ್ರೆ ಸರಿಯಾದ ಚಿಕಿತ್ಸೆ." ಕೈಯಲ್ಲಿದ್ದ ಪುಸ್ತಿಕೆ ತಿರುವಿ ಪಟ್ಟಿಯ ಕೊನೆಯ ಹೆಸರು ನೋಡಿದರು. "ತೊಗಾಶಿ. ಹೌದು, ಇದು ಅವನದೇ ಕೆಲಸ. ಎಷ್ಟು ವರ್ಷ ಈ ಸಭೇಲಿ ನನ್ನ ಪ್ರಶ್ನೆಗೆ ಅಡ್ಡ ಬಂದವ್ನು. ಇವತ್ತು ಬಂದಿದಾನಾ?"

"ಇಲ್ಲ," ಎಂದೆ. "ಬಂದಿಲ್ಲ." ಅಷ್ಟು ಹೇಳುವಾಗ ಮಾತ್ರ ದನಿ ಒಡೆಯಿತು. ಇಡೀ ಸಭೆಗೆ ಕೇಳಿಸಿತು.

ವಾಪಸು ಬರುವಾಗ ಗಸ್ಸಾನ್ ಘಟ್ಟದಲ್ಲಿ ಮಕಿನೊ ಅವರು ಎಲ್ಲರಿಗೂ ಕೊನ್ಯಾಕು ಕೊಡಿಸಿದರು. ನನಗೆ ಎರಡು ಕಡ್ಡಿ. ಸಾಸಿವೆ ಜಾಸ್ತಿಯಾಯಿತೆಂದು ನೆವ ಹೇಳಿ ಕಣ್ಣು ಒರೆಸಿಕೊಂಡೆ. ಗೆದ್ದ ದಿನ ಎಂದು ಎಲ್ಲರೂ ಅಂದರು. ನನಗೆ ಗೆದ್ದ ಹಾಗೆ ಅನಿಸಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ, ನೀವು ಅಲ್ಲಿರಬೇಕಿತ್ತು.

ನಿಮ್ಮ,
ಮಿನೋರಿ


ಶಿಂಜೊ
ಫೆಬ್ರವರಿ 20

ಮಿನೋರಿಗೆ,

ಮುನ್ನೂರು ಜನರ ಮುಂದೆ ನಾನು ಬಂದಿಲ್ಲ ಎಂದು ನೀನು ಹೇಳಿದೆ. ಬಂದಿದ್ದೆ. ಎದ್ದು ತಿದ್ದೋಣವೆಂದರೆ ದನಿ ಇರಲಿಲ್ಲ.

ಹೋಗುವ ಮನಸ್ಸು ನನಗಿರಲಿಲ್ಲ. ನಿನ್ನ ಜನವರಿಯ ಕಾಗದಕ್ಕೆ ನಾಲ್ಕು ಸಲ ಉತ್ತರ ಬರೆದು ಹರಿದೆ. ನಾಲ್ಕರಲ್ಲೂ ನಿನ್ನನ್ನು ಬೈದಿದ್ದೆ. ನಾಲ್ಕರಲ್ಲೂ ನೀನು ಹೇಳಿದ್ದೇ ನಿಜವಾಗಿತ್ತು. ಕೊನೆಗೆ ಶನಿವಾರ ಬೆಳಿಗ್ಗೆ ಫುಸಾಎ ನನ್ನ ಹಳೆಯ ಸೂಟನ್ನು ಹಾಸಿಗೆಯ ಮೇಲೆ ಹಾಸಿ, "ನಾನು ಸೆಂದಾಯ್‌ಗೆ ಅಂಗಡಿ ನೋಡೋಕೆ ಹೋಗ್ತಿದೀನಿ, ಚೀಲ ಹಿಡ್ಯೋಕೆ ಒಬ್ರು ಬೇಕು" ಎಂದಳು. ಚೀಲ ಹಿಡಿಯುವವನಿಗೆ ಸೂಟು ಯಾಕೆ ಎಂದು ಕೇಳಲು ಹಲಗೆ ಸಿಗಲಿಲ್ಲ.

ಮೂರನೆಯ ಸಾಲಿನ ನಿನ್ನ ಕೋಟನ್ನು ದೂರದಿಂದ ನೋಡಿದೆ. ಅಲ್ಲಿಗೆ ಹೋಗಲು ಧೈರ್ಯ ಬರಲಿಲ್ಲ. ಪರಿಚಯದವರು ಬಂದು ಕೈ ಹಿಡಿದು ಮಾತಾಡಿಸುತ್ತಾರೆ, ನಾನು ಕುತ್ತಿಗೆಯ ಬಟ್ಟೆ ತೋರಿಸಿ ತಲೆ ಆಡಿಸಬೇಕು. ಮಾಸ್ಕು ಹಾಕಿಕೊಂಡು ಕಡೆಯ ಸಾಲಿನಲ್ಲಿ ಕಂಬದ ಮರೆಗೆ ಕೂತೆ. ಕಡೆಯ ಸಾಲಿನ ಮುದುಕನಿಗೆ ನಿನ್ನ ಮಾತು ಪೂರ್ತಿ ಕೇಳಿಸಿತು. ಎರಡನೆಯ ಚಿತ್ರದಲ್ಲಿ ಅಕ್ಷರ ಸಣ್ಣದಾಗಿತ್ತು, ಅದನ್ನು ಮಕಿನೊ ನೋಡಬೇಕಿತ್ತು.

ಕುಜಿ ಕೇಳಿದಾಗ ನೀನು ಸುಮ್ಮನಾದೆಯಲ್ಲ, ಆಗ ಎದ್ದವನು ನಾನೇ. ಬೇಸತ್ತಲ್ಲ. ಯೋಚಿಸಿ ಎದ್ದದ್ದೂ ಅಲ್ಲ. ಇಷ್ಟು ವರ್ಷದ ಚಾಳಿ, ಕಾಲು ತಾನಾಗಿ ಎದ್ದಿತು. ಬಾಯಿಯನ್ನೂ ತೆರೆದಿದ್ದೆನಂತೆ. ಫುಸಾಎ ಆಮೇಲೆ ಹೇಳಿದಳು. ಸಹವಕ್ತಾರನ ಕಡೆಯಿಂದ ಎಂದು ಮನಸ್ಸಿನಲ್ಲಿ ಹೇಳಿದೆ. ಅದು ಮುಗಿಯುವ ಮೊದಲೇ ನೀನು ಶುರು ಮಾಡಿದೆ. ನಾನು ಹೇಳಬೇಕೆಂದಿದ್ದದ್ದನ್ನೇ ಹೇಳಿದೆ, ನನಗಿಂತ ಚೆನ್ನಾಗಿ ಹೇಳಿದೆ. ನಾನು ಕೂತೆ. ಎದ್ದು ಏನೂ ಹೇಳದೆ ಕೂತದ್ದು ಜೀವನದಲ್ಲಿ ಅದೇ ಮೊದಲು. ನೋಯುತ್ತದೆ ಎಂದುಕೊಂಡಿದ್ದೆ. ನೋಯಲಿಲ್ಲ. ಹೆಮ್ಮೆಯಾಯಿತು, ಮಿನೋರಿ. ಬಾಯಿದ್ದ ದಿನಗಳಲ್ಲಿ ಈ ಮಾತನ್ನು ನಿಮ್ಮಲ್ಲಿ ಯಾರಿಗೂ ಹೇಳಲಿಲ್ಲ.

ನಿಮ್ಮನ್ನೆಲ್ಲ ನೋಡದೆ ಹೊರಟುಬಂದದ್ದಕ್ಕೆ ಬೈದುಕೊಳ್ಳಿ. ಬಾಗಿಲ ಹತ್ತಿರ ಕುಜಿ ಎದುರಾದ. ಗುರುತು ಹಿಡಿದ. ಒಂದು ಮಾತೂ ಆಡದೆ ಬಗ್ಗಿ ನಮಸ್ಕಾರ ಮಾಡಿದ, ನಾನೂ ಮಾಡಿದೆ. ಅವನಿಗೂ ವಯಸ್ಸಾಗಿದೆ.

ಇನ್ನು ಒಂದು ವಿಷಯ. ನಾನು ಹೆದರಿದ್ದದ್ದೇ ಆಯಿತು, ಇನ್ನೊಂದು ರಾತ್ರಿ ಬೇಕೆನಿಸುತ್ತಿದೆ. ಜೂನ್ ಸಭೆಗೆ ಹುಡುಗರ ಅಭ್ಯಾಸ ಯಾವ ವಾರ?

ತೊಗಾಶಿ ಗೆಂಜೊ